ಹನ್ನೊಂದನೆಯ ಹೇಳಿಕೆಯ ‘ಮನೆಗೆಲಸ’: ಹುಡುಗ, ಹುಡುಗಿಯರ ಅಂಕ ಹೋಲಿಸಬಹುದೇ?

ಪ್ರಶ್ನೆ (ಶಿರಸಿ):
ಮಕ್ಕಳ ಜವಾಬ್ದಾರಿ ಅಳೆಯುವ ಇಂಗ್ಲಿಷ್ ಪ್ರಶ್ನಾವಳಿಯೊಂದನ್ನು ಕನ್ನಡಕ್ಕೆ ತಂದು, ಒಂಬತ್ತನೇ ತರಗತಿಯ ಸುಮಾರು ನಾನೂರು ಮಕ್ಕಳಿಂದ ತುಂಬಿಸಿಕೊಂಡಿದ್ದೇನೆ. ಹುಡುಗಿಯರ ಸರಾಸರಿ ಎದ್ದು ಕಾಣುವಷ್ಟು ಹೆಚ್ಚಿದೆ. ಎರಡೂ ಗುಂಪಿನಲ್ಲಿ ಕ್ರಾನ್‌ಬಾಕ್ ಆಲ್ಫಾ (ಹೇಳಿಕೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬ ಅಳತೆ) 0.8ರ ಮೇಲಿದೆ, ಟಿ-ಪರೀಕ್ಷೆ (ಎರಡು ಸರಾಸರಿಗಳ ಹೋಲಿಕೆ) ಮಾಡಿ ಮುಗಿಸಿ ಎನ್ನುತ್ತಾರೆ ಮಾರ್ಗದರ್ಶಕರು. ನನಗೇಕೋ ಧೈರ್ಯ ಸಾಲುತ್ತಿಲ್ಲ. ‘ಕೊಟ್ಟ ಮನೆಗೆಲಸವನ್ನು ಯಾರೂ ನೆನಪಿಸದೆ ಮುಗಿಸುತ್ತೇನೆ’ ಎಂಬ ಹನ್ನೊಂದನೆಯ ಹೇಳಿಕೆಯಲ್ಲೇ ಅಂತರ ಅತಿ ಹೆಚ್ಚು.

ಉತ್ತರ (ಕುಮಟಾ):
ಆಲ್ಫಾ ನಂಬಿ ಹೋಲಿಸಬೇಡಿ ಮೇಡಂ. ನಿಮ್ಮ ಮನೆಯ ಕೊಳಗದಲ್ಲಿ ಹತ್ತು ಸಲ ಅಳೆದರೂ ಭತ್ತ ಅಷ್ಟೇ ಬರುತ್ತದೆ, ನಮ್ಮ ಮನೆಯದರಲ್ಲೂ ಹಾಗೆಯೇ. ಎರಡು ಕೊಳಗಗಳ ಗಾತ್ರ ಒಂದೇ ಎಂದು ಅದರಿಂದ ಗೊತ್ತಾಗುವುದಿಲ್ಲ. ಆರ್ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶದ ಲಾವಾನ್ ಪ್ಯಾಕೇಜಿನಲ್ಲಿ ಎರಡೂ ಗುಂಪುಗಳನ್ನು ಒಟ್ಟಿಗೆ ಇಟ್ಟು ದೃಢೀಕರಣ ಘಟಕ ವಿಶ್ಲೇಷಣೆ (ಹೇಳಿಕೆಗಳ ಹಿಂದಿನ ಗುಣಗಳು, ಅಂದರೆ ಘಟಕಗಳು, ನಾವು ಊಹಿಸಿದಂತೆಯೇ ಇವೆಯೇ ಎಂಬ ಪರೀಕ್ಷೆ) ಮಾಡಿ. ಮೊದಲು ಘಟಕಗಳ ರಚನೆ ಒಂದೇ ಇದೆಯೇ ನೋಡಿ. ಆಮೇಲೆ ಲೋಡಿಂಗ್‌ಗಳನ್ನು (ಹೇಳಿಕೆಗೂ ಘಟಕಕ್ಕೂ ಇರುವ ನಂಟಿನ ಬಲ), ಕೊನೆಗೆ ಇಂಟರ್‌ಸೆಪ್ಟ್‌ಗಳನ್ನು (ಜವಾಬ್ದಾರಿ ಸಮನಾಗಿದ್ದಾಗ ಆ ಹೇಳಿಕೆಗೆ ಬೀಳುವ ಅಂಕದ ಆರಂಭ ಮಟ್ಟ) ಎರಡೂ ಗುಂಪಿಗೆ ಸಮವಾಗಿಸಿ. ಸರಾಸರಿ ಹೋಲಿಸಬೇಕಾದರೆ ಈ ಕೊನೆಯದನ್ನು ದಾಟಲೇಬೇಕು. ಯಾವುದೇ ಹಂತದಲ್ಲಿ ಸಿಎಫ್‌ಐ (ಮಾದರಿ ದತ್ತಾಂಶಕ್ಕೆ ಎಷ್ಟು ಹೊಂದುತ್ತದೆ ಎಂಬ ಸೂಚ್ಯಂಕ) 0.01ಕ್ಕಿಂತ ಹೆಚ್ಚು ಇಳಿದರೆ ಅಳತೆಯಲ್ಲಿ ಐಬಿದೆ ಎಂದೇ ಲೆಕ್ಕ. ಸಂಶೋಧಕರಾದ ಚ್ಯೂಂಗ್ ಮತ್ತು ರೆನ್ಸ್‌ವೋಲ್ಡ್ 2002ರಲ್ಲಿ ಸೂಚಿಸಿದ ಮಿತಿ ಇದು.

ಉತ್ತರ (ಕಾರವಾರ):
ನಾನು ಮೇಷ್ಟ್ರು, ಲಾವಾನ್ ಗೊತ್ತಿಲ್ಲ. ಮಕ್ಕಳನ್ನೇ ಕೇಳಿ ನೋಡಿ. ಮನೆಯಲ್ಲಿ ಕೊಂಕಣಿ ಆಡುವ ನನ್ನ ಮಕ್ಕಳಿಗೆ ಶಾಲೆಯದು ಹೋಮ್‌ವರ್ಕ್. ‘ಮನೆಗೆಲಸ’ ಎಂದರೆ ಪಾತ್ರೆ, ನೀರು, ಕಸ.

ಪ್ರಶ್ನೆ ಕೇಳಿದವರು:
ನಿನ್ನೆ ಆರು ಮಕ್ಕಳನ್ನು ಕೂರಿಸಿಕೊಂಡು ಹೇಳಿಕೆ ಓದಿಸಿದೆ. ಒಬ್ಬಳು ಬೆರಳು ಮಡಚಿ ಎಣಿಸಿದಳು: ಬೆಳಿಗ್ಗೆ ಕೊಟ್ಟಿಗೆ, ಸಂಜೆ ಪಾತ್ರೆ, ರಾತ್ರಿ ಅಡಿಕೆ ಸುಲಿಯುವುದು. ಹಾಕಿದ್ದು ಐದಕ್ಕೆ ಐದು. ಪಕ್ಕದ ಹುಡುಗ ‘ಗಣಿತದ ಲೆಕ್ಕ ಅಲ್ಲವೇ?’ ಎಂದ. ಅವನು ಹಾಕಿದ್ದು ಎರಡು, ಪ್ರಾಮಾಣಿಕ! ಲಾವಾನ್‌ನಲ್ಲೂ ರಚನೆ, ಲೋಡಿಂಗ್ ಸರಿಯಿದೆ, ಹನ್ನೊಂದರ ಇಂಟರ್‌ಸೆಪ್ಟ್ ಮಾತ್ರ ಕೂಡುತ್ತಿಲ್ಲ. ಹೇಳಿಕೆಯನ್ನೇ ಕಿತ್ತುಹಾಕಲೇ?

ಉತ್ತರ (ಕುಮಟಾ):
ಅವಸರ ಬೇಡ. ಅದೊಂದರ ಇಂಟರ್‌ಸೆಪ್ಟನ್ನು ಗುಂಪಿಗೊಂದರಂತೆ ಬಿಟ್ಟು ಮತ್ತೆ ಲೆಕ್ಕ ಹಾಕಿ. ಭಾಗಶಃ ಸಮತೆ ಎನ್ನುವುದು ಇದನ್ನೇ. ಹೇಳಿಕೆ ಬಿಟ್ಟೂ ಒಮ್ಮೆ ಮಾಡಿ, ಎರಡನ್ನೂ ಪ್ರಬಂಧದಲ್ಲಿ ಕೊಡಿ.

ಉತ್ತರ (ಕಾರವಾರ):
ಕೊಟ್ಟಿಗೆ ಗುಡಿಸುವುದು ಜವಾಬ್ದಾರಿಯಲ್ಲವೇ? ಆ ಹುಡುಗಿಯ ಕೆಲಸಕ್ಕೆ ಬೇರೆಯೇ ಒಂದು ಹೇಳಿಕೆ ಬರೆಯಿರಿ.

ಪ್ರಶ್ನೆ ಕೇಳಿದವರು:
ಬರೆಯುತ್ತೇನೆ ಸರ್. ಹನ್ನೊಂದನ್ನು ಸಡಿಲಿಸಿದ ಮೇಲೂ ಹುಡುಗಿಯರೇ ಮುಂದಿದ್ದಾರೆ, ಅಂತರ ಮಾತ್ರ ಕುಗ್ಗಿದೆ. ಸೋಮವಾರ ಮಾರ್ಗದರ್ಶಕರ ಮುಂದೆ ಇಡುತ್ತೇನೆ.