ಬಿ.ಎಸ್‌ಸಿ. ಭೌತಶಾಸ್ತ್ರಕ್ಕೆ ಸರ್ಕಾರಿ ವಿಶ್ವವಿದ್ಯಾಲಯವೋ, ಖಾಸಗಿಯೋ?

ಪ್ರಶ್ನೆ: ಪೋಷಕರು, ಹಾಸನ

ನನ್ನ ಮಗಳು ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದಲ್ಲಿ ಉತ್ತಮ ಅಂಕಗಳೊಂದಿಗೆ ತೇರ್ಗಡೆಯಾಗಿದ್ದಾಳೆ. ಎಂಜಿನಿಯರಿಂಗ್ ಕಡೆಗೆ ಅವಳಿಗೆ ಒಲವಿಲ್ಲ, ಭೌತಶಾಸ್ತ್ರದಲ್ಲಿ ಎಂ.ಎಸ್‌ಸಿ. ಮುಗಿಸಿ ಸಂಶೋಧನೆಗೆ ಹೋಗಬೇಕೆಂಬುದು ಅವಳ ಆಸೆ. ಮೈಸೂರು ವಿಶ್ವವಿದ್ಯಾಲಯದ ಘಟಕ ಕಾಲೇಜಾದ ಯುವರಾಜ ಕಾಲೇಜಿನಲ್ಲಿ ಸೀಟು ಸಿಗಬಹುದು. ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯದ ಪ್ರಯೋಗಾಲಯವನ್ನು ನೋಡಿ ಬಂದ ಮೇಲೆ ಅವಳ ಮನಸ್ಸು ಅತ್ತ ವಾಲಿದೆ, ಆದರೆ ಅಲ್ಲಿಗೆ ಸೇರಿಸಲು ನಾವು ಸಾಲ ಮಾಡಲೇಬೇಕು. ತಿಳಿದವರು ದಯವಿಟ್ಟು ಸಲಹೆ ನೀಡಿ.

ಉತ್ತರ: ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ

ಸಂಸ್ಥೆ ಯಾರದ್ದು ಎಂಬುದಕ್ಕಿಂತ, ಮಗುವಿಗೆ ಪಾಠ ಹೇಳುವವರು ಯಾರು, ಉಪಕರಣ ಅವಳ ಕೈಗೆ ಎಷ್ಟು ಹೊತ್ತು ಸಿಗುತ್ತದೆ ಎಂಬುದನ್ನು ಮೊದಲು ವಿಚಾರಿಸಿ. ನಮ್ಮ ಸರ್ಕಾರಿ ಕಾಲೇಜುಗಳಲ್ಲಿ ಖಾಲಿ ಹುದ್ದೆಗಳನ್ನು ಅತಿಥಿ ಉಪನ್ಯಾಸಕರಿಂದ ತುಂಬಿಸಿಕೊಂಡು ಹೋಗುವ ಪರಿಪಾಠ ಬೇರೂರಿದೆ. ಅವರಲ್ಲಿ ಅನೇಕರು ಸೊಗಸಾಗಿ ಪಾಠ ಮಾಡುತ್ತಾರೆ, ಆದರೆ ಅವರ ನೇಮಕಾತಿ ತಡವಾದ ವರ್ಷ ತರಗತಿಗಳು ಹಿಂದೆ ಬೀಳುತ್ತವೆ. ಖಾಸಗಿ ಸಂಸ್ಥೆಗಳಲ್ಲಿ ಅಧ್ಯಾಪಕರು ಮೇಲಿಂದ ಮೇಲೆ ಬಿಟ್ಟುಹೋಗುತ್ತಾರೆಯೇ ಎಂದು ಕೇಳಬೇಕು. ಪ್ರವೇಶ ವಿಭಾಗದವರು ತೋರಿಸುವ ಪ್ರಯೋಗಾಲಯವನ್ನು ನಂಬಿ ತೀರ್ಮಾನಿಸಬೇಡಿ. ತರಗತಿ ನಡೆಯುವ ದಿನ ಹೋಗಿ, ಎರಡನೇ ವರ್ಷದ ವಿದ್ಯಾರ್ಥಿಗಳನ್ನು ಮಾತನಾಡಿಸಿ, ಬೆಳಕನ್ನು ಬಣ್ಣಗಳಾಗಿ ಬಿಡಿಸಿ ಅಳೆಯುವ ಸ್ಪೆಕ್ಟ್ರೋಮೀಟರನ್ನು ಪ್ರತಿಯೊಬ್ಬರೂ ತಾವೇ ಹೊಂದಿಸಿ ಅಳತೆ ತೆಗೆಯುತ್ತಾರೆಯೇ, ಅಥವಾ ಒಬ್ಬ ಮಾಡಿದ್ದನ್ನು ಉಳಿದವರು ರೆಕಾರ್ಡ್ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಾರೆಯೇ ಎಂದು ಕೇಳಿ.

ಉತ್ತರ: ಎಂ.ಎಸ್‌ಸಿ. ವಿದ್ಯಾರ್ಥಿನಿ

ಅವಧಿಯ ವ್ಯತ್ಯಾಸವನ್ನೂ ಗಮನಿಸಿ. ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳು 2024-25ರಿಂದ ಮೂರು ವರ್ಷದ ಪದವಿಗೆ ಮರಳಿವೆ; ಹಲವು ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ನಾಲ್ಕು ವರ್ಷದ ಆನರ್ಸ್ ಇದೆ. ನಾಲ್ಕನೇ ವರ್ಷದಲ್ಲಿ ನಿಜವಾದ ಸಂಶೋಧನಾ ಕಾರ್ಯವಿದ್ದರೆ ಅದಕ್ಕೆ ಬೆಲೆಯಿದೆ, ಹೆಸರಿಗೆ ಮಾತ್ರ ಇದ್ದರೆ ಅದು ಒಂದು ವರ್ಷದ ಹೆಚ್ಚುವರಿ ಶುಲ್ಕವಷ್ಟೆ. ಐಐಟಿಗಳಲ್ಲಿ ಎಂ.ಎಸ್‌ಸಿ. ಸೇರಲು ಬರೆಯುವ ಜ್ಯಾಮ್ ಪರೀಕ್ಷೆಯಾಗಲಿ, ವಿಜ್ಞಾನ ಅಕಾಡೆಮಿಗಳ ಬೇಸಿಗೆ ಸಂಶೋಧನಾ ಫೆಲೋಶಿಪ್ ಆಗಲಿ ಸರ್ಕಾರಿ ಕಾಲೇಜಿನವರಿಗೂ ಮುಕ್ತವಾಗಿವೆ.

ಉತ್ತರ: ಮತ್ತೊಬ್ಬ ಪೋಷಕರು, ತುಮಕೂರು

ಮೂಲವಿಜ್ಞಾನ ಓದಿದವರಿಗೆ ಸಂಪಾದನೆ ತಡವಾಗಿ ಆರಂಭವಾಗುತ್ತದೆ. ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಬರೆದು ಜೆಆರ್‌ಎಫ್, ಅಂದರೆ ಸಂಶೋಧನೆ ಮಾಡುವವರಿಗೆ ಕೊಡುವ ಕಿರಿಯ ಫೆಲೋಶಿಪ್ ಪಡೆದರೆ ತಿಂಗಳಿಗೆ 37,000 ರೂಪಾಯಿ ಬರುತ್ತದೆ ನಿಜ, ಆದರೆ ಅದು ಎಂ.ಎಸ್‌ಸಿ. ನಂತರದ ಮಾತು. ಅಲ್ಲಿಯವರೆಗೆ ಸಾಲದ ಬಡ್ಡಿಗೆ ಹೆದರಿ ಅವಳು ಇಷ್ಟದ ದಾರಿಯನ್ನೇ ಬಿಡುವಂತಾಗಬಾರದು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಂಥ ಕಡೆ ಕುಟುಂಬದ ಆದಾಯ ನೋಡಿ ಶುಲ್ಕ ವಿನಾಯಿತಿ ಕೊಡುತ್ತಾರೆ. ನೀವು ನೋಡಿದ ಸಂಸ್ಥೆಯಲ್ಲೂ ಅಂಥದ್ದು ಇದ್ದರೆ, ಎಲ್ಲ ವರ್ಷಗಳಿಗೂ ಅನ್ವಯಿಸುತ್ತದೆಂದು ಲಿಖಿತವಾಗಿ ಪಡೆಯಿರಿ. ಸಿಗದಿದ್ದರೆ ಯುವರಾಜ ಕಾಲೇಜಿಗೆ ಸೇರಿಸಿ, ಉಳಿದ ಹಣವನ್ನು ಎಂ.ಎಸ್‌ಸಿ.ಗೆ ಕಾದಿಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಮಗಳೊಂದಿಗೆ ಎರಡೂ ಕಡೆ ಹೋಗಿ ವಿದ್ಯಾರ್ಥಿಗಳನ್ನು ಮಾತನಾಡಿಸುತ್ತೇವೆ. ವಿನಾಯಿತಿ ಲಿಖಿತವಾಗಿ ಸಿಗದಿದ್ದರೆ ಮೈಸೂರಿಗೇ ಸೇರಲು ಅವಳೂ ಒಪ್ಪಿದ್ದಾಳೆ.