ಬಾಟನಿನಾ, ಅಗ್ರಿನಾ? ಕೈ ಮಣ್ಣಾಗುವ ಕಡೆ ಯಾವುದು?

ಯಲಹಂಕದ ಅಪ್ಪ:
ಮಗಳು ಸೆಕೆಂಡ್ ಪಿಯು ಮುಗಿಸಿ ಸಿಇಟಿ ಬರೆದಿದ್ದಾಳೆ. ಮನೆ ಟೆರೇಸ್ ಮೇಲೆ ಕಾಲಿಡಲು ಜಾಗ ಇಲ್ಲ, ಅಷ್ಟು ಕುಂಡ ಇಟ್ಟಿದ್ದಾಳೆ. ಬಿಎಸ್ಸಿ ಬಾಟನಿಗೆ ಸೇರಿಸಲಾ, ಜಿಕೆವಿಕೆಯಲ್ಲಿ (ಬೆಂಗಳೂರು ಕೃಷಿ ವಿಶ್ವವಿದ್ಯಾಲಯ) ಅಗ್ರಿಗೆ, ಅಂದರೆ ಬಿಎಸ್ಸಿ ಕೃಷಿಗೆ ನೋಡಲಾ? ಮೊನ್ನೆ ಒಂದು ಕಾಲೇಜಿಗೆ ಹೋಗಿದ್ದೆವು. ಗ್ರೀನ್‌ಹೌಸ್ ಇದೆ ಎಂದು ದೂರದಿಂದಲೇ ತೋರಿಸಿದರು. ಬಾಗಿಲಿಗೆ ಬೀಗ, ಬೀಗಕ್ಕೆ ತುಕ್ಕು.

ಹಳೇ ಜಿಕೆವಿಕೆ:
ಕೈ ಮಣ್ಣಾಗಬೇಕು ಅಂದರೆ ಅಗ್ರಿ ಸಾರ್. ನಾಲ್ಕು ವರ್ಷ. ನಮ್ಮ ಬ್ಯಾಚ್‌ನಲ್ಲಿ ಪಾತಿ ಮಾಡಿ, ಬಿತ್ತಿ, ಕಳೆ ಕಿತ್ತು, ಕೊಯ್ಯುವವರೆಗೂ ನಮ್ಮದೇ ಕೆಲಸ. ಕೊನೆಯ ವರ್ಷ 'ರಾವೆ' ಅಂತ ಹಳ್ಳಿಗೆ ಕಳಿಸುತ್ತಾರೆ, ರೈತರ ಜೊತೆ ಇದ್ದು ಕಲಿಯಬೇಕು.

ಆಮೇಲೆ ಎಂಎಸ್ಸಿಯಲ್ಲಿ ರಾಗಿ ಕ್ರಾಸ್ ಮಾಡಿದ್ದು, ಅಂದರೆ ಒಂದು ತಳಿಯ ಹೂವಿಗೆ ಇನ್ನೊಂದರ ಪರಾಗ ಸೇರಿಸಿದ್ದು ಮಾತ್ರ ಮರೆಯಲ್ಲ. ಅದಕ್ಕೆ ಮೊದಲು ಹೂವಿನ ಸ್ವಂತ ಪರಾಗ ಕೆಲಸ ಮಾಡದಂತೆ ತಡೆಯಬೇಕು. ಹೂವು ಎಷ್ಟು ಚಿಕ್ಕದೆಂದರೆ ಚಿಮುಟದಲ್ಲಿ ಕೇಸರ ಕೀಳಲು ಹೋದರೆ ಹೂವೇ ಕೈಗೆ ಬರುತ್ತದೆ, ಅದಕ್ಕೆ ತೆನೆಯನ್ನು 52 ಡಿಗ್ರಿ ಬಿಸಿನೀರಲ್ಲಿ 5 ನಿಮಿಷ ಅದ್ದಿ ಪರಾಗವನ್ನಷ್ಟೇ ಸಾಯಿಸುವುದು. ಶಾಖ ಸ್ವಲ್ಪ ಜಾಸ್ತಿಯಾದರೆ ತೆನೆಯೇ ಹಾಳು. ಇದರ ಮೇಲೆ ಆ ಹೂವು ಅರಳುವುದು ಮಧ್ಯರಾತ್ರಿ ಕಳೆದ ಮೇಲೆ! ಟಾರ್ಚ್ ಹಿಡಿದು ಹೊಲಕ್ಕೆ ಹೋಗುತ್ತಿದ್ದೆವು.

ಸೊಪ್ಪಿನಕ್ಕ:
ಬಾಟನಿಯನ್ನು ಅಷ್ಟು ಸುಲಭಕ್ಕೆ ತಳ್ಳಬೇಡಿ. ಬ್ಲೇಡಿನಲ್ಲಿ ಕಾಂಡದ ತೆಳು ಸೆಕ್ಷನ್ ಕತ್ತರಿಸಿ ಮೈಕ್ರೋಸ್ಕೋಪ್‌ನಲ್ಲಿ ನೋಡುವುದು, ಹರ್ಬೇರಿಯಂ (ಗಿಡಗಳನ್ನು ಒಣಗಿಸಿ ಹಾಳೆಗೆ ಅಂಟಿಸಿದ ಸಂಗ್ರಹ) ಮಾಡುವುದು ಕೂಡ ಕೈಕೆಲಸವೇ ಅಲ್ವಾ? ಲಾಲ್‌ಬಾಗ್‌ನ 240 ಎಕರೆಯೇ ನಮಗೆ ಲ್ಯಾಬ್ ಆಗಿತ್ತು. ಆದರೆ ಟೊಮೆಟೊ ಬೆಳೆಸಲು ಮಾತ್ರ ಯಾರೂ ಹೇಳಿಕೊಡಲಿಲ್ಲ, ಅದು ನಿಜ.

ಕುಂಡ ತೂಗುವವನು:
ಕ್ರಾಪ್ ಫಿಸಿಯಾಲಜಿ ಅಂತ ಒಂದು ವಿಭಾಗ ಇದೆ, ಬೆಳೆಯ ಒಳಗೆ ಏನು ನಡೆಯುತ್ತದೆ ಎಂದು ನೋಡುವುದು, ಇಬ್ಬರ ಮಾತಿಗೂ ನಡುವಿನದು. ನಾವು ಕುಂಡಗಳನ್ನು ದಿನಾ ತೂಗುತ್ತೇವೆ. ಮಣ್ಣಿನ ಮೇಲ್ಭಾಗ ಮುಚ್ಚಿದ್ದರೆ ಕಡಿಮೆಯಾದ ತೂಕ ಹೆಚ್ಚುಕಡಿಮೆ ಗಿಡ ಕುಡಿದ ನೀರು. ಮಳೆ ಬಂದರೆ ಪ್ರಯೋಗ ಕೆಡುತ್ತದೆ, ಅದಕ್ಕೇ ಮೇಲೆ ಚಾವಣಿ ಇರುತ್ತದೆ. ಎಲ್ಲಿಗೇ ಸೇರಿಸಿ, ಪಾಲಿಹೌಸ್ ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂದು ಹುಡುಗರನ್ನೇ ಕೇಳಿ, ಆಫೀಸಿನವರನ್ನಲ್ಲ. ಅಗ್ರಿಗಾದರೆ ರೈತರ ಮಕ್ಕಳ ಕೋಟಾ ಇದೆ, ಅದಕ್ಕೆ ಪ್ರಾಕ್ಟಿಕಲ್ ಪರೀಕ್ಷೆ ಬೇರೆ.

ಯಲಹಂಕದ ಅಪ್ಪ:
ಪಹಣಿ ನಮ್ಮ ಹೆಸರಲ್ಲಿಲ್ಲ, ಜನರಲ್‌ನಲ್ಲೇ ನೋಡಬೇಕು. ರಾಗಿ ಹೂವಿನ ಕತೆ ಓದಿದವಳು ಈಗಲೇ ಥರ್ಮಾಮೀಟರ್ ಕೊಡಿಸು ಎನ್ನುತ್ತಿದ್ದಾಳೆ.