ಕುತ್ತಿಗೆಯಲ್ಲಿ ಬೆನ್ನುಹುರಿ ಒತ್ತಿಕೊಂಡಾಗ ತೀವ್ರತೆಯನ್ನು ಹೇಗೆ ಅಂದಾಜು ಮಾಡುತ್ತೀರಿ?

ಪ್ರಶ್ನೆ: ನಾನು ಫಿಸಿಯೋಥೆರಪಿ ವೃತ್ತಿಗೆ ಹೊಸಬಳು. ಇಂಥ ರೋಗಿಗಳಲ್ಲಿ ತೊಂದರೆ ಎಷ್ಟು ಮುಂದುವರಿದಿದೆ ಎಂದು ತಿಳಿಯಲು ಎಂಆರ್‌ಐ ವರದಿಯೊಂದೇ ಸಾಕೇ? ಅನುಭವಸ್ಥರು ದಯವಿಟ್ಟು ತಿಳಿಸಿ.

ಹಿರಿಯ ಫಿಸಿಯೋಥೆರಪಿಸ್ಟ್: ಖಂಡಿತ ಸಾಲದು. ಎಂಆರ್‌ಐನಲ್ಲಿ ಹುರಿ ಚಪ್ಪಟೆಯಾಗಿ ಕಂಡರೂ ಸಲೀಸಾಗಿ ಓಡಾಡುವವರಿದ್ದಾರೆ. ನಾನು ಮೊದಲು ನೋಡುವುದು ಕೈಯನ್ನು. ಮುಷ್ಟಿ ಕಟ್ಟಿ ಪೂರ್ತಿ ಬಿಡಿಸಲು ಹೇಳಿ, 10 ಸೆಕೆಂಡು ಎಣಿಸುತ್ತೇನೆ. 20 ಸಲ ಆಗಬೇಕು. ಎಣಿಕೆಯಷ್ಟೇ ಅಲ್ಲ, ಮಣಿಕಟ್ಟನ್ನೂ ಗಮನಿಸಿ: ಹುರಿಗೆ ಪೆಟ್ಟಾಗಿದ್ದರೆ ಬೆರಳು ಬಿಡಿಸುವಾಗ ಅದು ತಾನಾಗಿ ಒಳಕ್ಕೆ ಬಾಗುತ್ತದೆ. ಕೈ ಚಾಚಿ ಬೆರಳು ಜೋಡಿಸಿ ಹಿಡಿಯಲು ಹೇಳಿದರೆ ಕಿರುಬೆರಳು ಮೆಲ್ಲಗೆ ದೂರ ಸರಿಯುತ್ತದೆ. ಆಮೇಲೆ ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗುವಂತೆ ನೇರ ಗೆರೆಯಲ್ಲಿ ಹೆಜ್ಜೆಯಿಟ್ಟು ನಡೆಸುತ್ತೇನೆ.

ದಾಖಲೆಗೆ ಎಂಜೆಒಎ (ಜಪಾನಿನ ಮೂಳೆವೈದ್ಯರ ಸಂಘದ ಅಳತೆಯ ಮಾರ್ಪಡಿಸಿದ ರೂಪ) ಮಾಪನ ಬಳಸಿ. ಒಟ್ಟು 18 ಅಂಕ: ಕಾಲಿಗೆ 7, ಕೈಗೆ 5, ಕೈಯ ಸ್ಪರ್ಶಜ್ಞಾನಕ್ಕೆ 3, ಮೂತ್ರದ ಹತೋಟಿಗೆ 3. 15ರಿಂದ 17 ಸೌಮ್ಯ, 12ರಿಂದ 14 ಮಧ್ಯಮ, 11 ಅಥವಾ ಕಡಿಮೆಯಾದರೆ ತೀವ್ರ. ಇದೇ ತೊಂದರೆಗೆ ಬಳಸುವ ಇನ್ನೊಂದು ಮಾಪನವಾದ ನ್ಯೂರಿಕ್ ಶ್ರೇಣಿ ಸುಲಭ ನಿಜ, ಆದರೆ ಅದು ನಡಿಗೆಯನ್ನೇ ಅಳೆಯುವುದರಿಂದ ಕೈ ಸೋತವರು ಅದರಲ್ಲಿ ಮರೆಯಾಗಿಬಿಡುತ್ತಾರೆ.

ರೋಗಿಯೊಬ್ಬರ ಮಗಳು: ಮನೆಯವರನ್ನೂ ಕೇಳಿ ಎಂಬುದು ನನ್ನ ವಿನಂತಿ. ವೈದ್ಯರು ವಿಚಾರಿಸಿದಾಗಲೆಲ್ಲ ಅಪ್ಪ "ಏನೂ ತೊಂದರೆಯಿಲ್ಲ" ಎನ್ನುತ್ತಿದ್ದರು. ಅಷ್ಟರಲ್ಲಾಗಲೇ ಗುಂಡಿಯಿರುವ ಅಂಗಿಗಳನ್ನು ಪಕ್ಕಕ್ಕಿಟ್ಟು ತಲೆಯ ಮೇಲಿಂದ ಹಾಕಿಕೊಳ್ಳುವ ಅಂಗಿಗಳಿಗೆ ಬದಲಾಗಿದ್ದರು. ಚಪ್ಪಲಿ ಜಾರಿ ಹಿಂದೆ ಉಳಿದದ್ದು ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. ವಯಸ್ಸಾಯಿತಲ್ಲ ಎಂದು ನಾವೂ ಸುಮ್ಮನಿದ್ದೆವು.

ಹಿರಿಯ ಫಿಸಿಯೋಥೆರಪಿಸ್ಟ್: ಬಹಳ ಒಳ್ಳೆಯ ಮಾತು ಹೇಳಿದಿರಿ. "ಗುಂಡಿ ಹಾಕಲು ಆಗುತ್ತದೆಯೇ" ಎಂದರೆ ಹೌದು ಎಂದುಬಿಡುತ್ತಾರೆ. ಅಂಗಿ ಕೊಟ್ಟು ಹಾಕಿಸಿ ನೋಡಬೇಕು. ಮೆಟ್ಟಿಲಲ್ಲಿ ಕಂಬಿ ಹಿಡಿಯುತ್ತಾರೆಯೇ ಎಂಬುದನ್ನೂ ಕಣ್ಣಾರೆ ನೋಡಿ. ನೋವಿನ ಪ್ರಮಾಣವನ್ನು ತೀವ್ರತೆಯ ಅಳತೆಗೋಲಾಗಿಸಬೇಡಿ, ನೋವೇ ಇಲ್ಲದೆ ಕೈಕಾಲು ಸೋಲುವುದುಂಟು.

ಪ್ರತಿ ಭೇಟಿಯಲ್ಲೂ ಇದೇ ಪರೀಕ್ಷೆಗಳನ್ನು ಇದೇ ರೀತಿ ಮಾಡಿ ಬರೆದಿಡಿ. ಅಂಕ ಮಧ್ಯಮ ಅಥವಾ ತೀವ್ರ ಹಂತದಲ್ಲಿದ್ದರೆ ಶಸ್ತ್ರಚಿಕಿತ್ಸೆ ಮಾಡಿಸಬೇಕೆಂದೇ 2017ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಸೌಮ್ಯ ಹಂತದವರು ನಿಗಾದಲ್ಲಿ ವ್ಯಾಯಾಮ ಮಾಡುತ್ತಿರಬಹುದು, ಆದರೆ ಅಂಕ ಇಳಿಯತೊಡಗಿದರೆ ತಡಮಾಡದೆ ಶಸ್ತ್ರವೈದ್ಯರಿಗೆ ತಿಳಿಸಿ. ಮೂತ್ರ ಕಟ್ಟಿದರೆ ಅಥವಾ ಕಾಲಿನ ಬಲ ದಿಢೀರನೆ ಕುಗ್ಗಿದರೆ ಅದೇ ದಿನ ಕಳುಹಿಸಿ.